ಕೆಂಪು ಬಣ್ಣದ ತಿರುಪು

೧೯೮೨ರ ನವೆಂಬರ್ ೧೩, ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಪೀಣ್ಯದ ಮೀಟರ್ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಚಿನ್ನಪ್ಪ ಆಂಪ್ಲಿಫೈಯರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲೊಂದು ಬ್ಲೇಡು ಹಿಡಿದಿದ್ದ. ಆರು ಗಂಟೆಗೆ ಕಾರ್ಖಾನೆಯ ರಾಜ್ಯೋತ್ಸವ.

ಹನ್ನೊಂದು ವರ್ಷದಿಂದ ಅವನು ಟೆಸ್ಟಿಂಗ್ ವಿಭಾಗದಲ್ಲಿದ್ದ. ಮೀಟರನ್ನು ಸರಿಹೊಂದಿಸಿ, ತಿರುಪಿನ ತಲೆಗೆ ಒಂದು ತೊಟ್ಟು ಕೆಂಪು ಬಣ್ಣ ಬಿಡುವುದು ಅಲ್ಲಿನ ಕ್ರಮ. ಬಣ್ಣ ಬಿದ್ದ ಮೇಲೆ ಆ ತಿರುಪನ್ನು ಯಾರೂ ಮುಟ್ಟುವಂತಿಲ್ಲ. ಸಂಜೆ ರಾಜಗೋಪಾಲನಗರದ ಮನೆಯಲ್ಲಿ ಅವನು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ವರ್ಷಕ್ಕೊಮ್ಮೆ, ಕಾರ್ಖಾನೆಯ ವಾದ್ಯವೃಂದದಲ್ಲಿ, ಇಪ್ಪತ್ತು ಸೆಕೆಂಡು ಅವನೊಬ್ಬನೇ ಮುಂದೆ ಬಂದು ನುಡಿಸುವ ಭಾಗವಿತ್ತು. ಹಿಂದಿನ ವರ್ಷ ಅದು ಯಾರಿಗೂ ಕೇಳಿಸಲಿಲ್ಲ.

“ಈ ಸಲಾನೂ ಕೇಳ್ಸಲಿಲ್ಲ ಅಂದ್ರೆ, ಮುಂದಿನ ವರ್ಷದಿಂದ ಅದನ್ನ ನಾನೇ ಅಕಾರ್ಡಿಯನ್‌ನಲ್ಲಿ ನುಡಿಸ್ಬಿಡ್ತೀನಿ,” ಎಂದಿದ್ದರು ವೃಂದದ ಮುಖ್ಯಸ್ಥರಾದ ಸೂಪರ್‌ವೈಸರ್ ರಾಮಪ್ರಸಾದ.

ಹಾಗಾಗಿ ಚಿನ್ನಪ್ಪ ಒಂದು ಬೂಸ್ಟ್ ಪೆಡಲ್ ಮಾಡಿದ. ತಗಡಿನ ಡಬ್ಬಿ, ಒಂದು ಟ್ರಾನ್ಸಿಸ್ಟರ್, ಒಂಬತ್ತು ವೋಲ್ಟಿನ ಬ್ಯಾಟರಿ. ಕಾಲಲ್ಲಿ ಒತ್ತಿದರೆ ಗಿಟಾರಿನಿಂದ ಬರುವ ಸಂಕೇತ ಮೂರು ಪಟ್ಟಾಗಿ ಆಂಪ್ಲಿಫೈಯರಿಗೆ ಹೋಗುತ್ತದೆ. ಅಳೆದು ನೋಡಿ, ಎಷ್ಟು ಪಟ್ಟು ಎಂದು ಹೊಂದಿಸುವ ಅದರ ತಿರುಪಿಗೆ ಅಭ್ಯಾಸಬಲದಿಂದ ಕೆಂಪು ಬಣ್ಣ ಬಿಟ್ಟ.

ಆದರೆ ಬೆಳಿಗ್ಗೆ ತಾಲೀಮಿನಲ್ಲಿ ಒತ್ತಿದಾಗ ಸದ್ದು ಏರಲಿಲ್ಲ, ಒಡೆಯಿತು.

“ಇದೇನಯ್ಯ, ಹಪ್ಪಳ ಮುರೀತಿದೀಯಾ? ಇನ್ನೂ ತಿರುಗ್ಸು!” ಎಂದರು ರಾಮಪ್ರಸಾದ.

“ಬಣ್ಣ ಹಾಕ್ಬಿಟ್ಟಿದೀನಿ ಸಾರ್.”

“ಕೆರೆದ್ಹಾಕು! ಅದೇನು ಕರೆಂಟ್ ಮೀಟರಾ?”

ಈಗ ಬ್ಲೇಡು ಬಣ್ಣಕ್ಕೆ ತಾಗುವ ಮೊದಲು ಚಿನ್ನಪ್ಪ ಒಮ್ಮೆ ಅಳೆಯೋಣ ಎಂದುಕೊಂಡ. ಸ್ಪೀಕರಿನ ತಂತಿಗೆ ಮಲ್ಟಿಮೀಟರ್ ಹಿಡಿದು ಗಿಟಾರ್ ಮೀಟಿದ. ಹದಿನಾಲ್ಕು ವೋಲ್ಟ್. ಪೆಡಲ್ ಒತ್ತಿ ಮೀಟಿದ. ಹದಿನಾಲ್ಕೇ. ಆಂಪ್ಲಿಫೈಯರಿನ ವಾಲ್ಯೂಮನ್ನು ಅವನೇ ಬೆಳಿಗ್ಗೆಯಿಂದ ಕೊನೆಯ ಅಂಕಿಯಾದ ಹತ್ತರಲ್ಲಿಟ್ಟಿದ್ದ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯುತ್ತಿದ್ದೆನಲ್ಲ ಎನಿಸಿತು. ಬ್ಲೇಡನ್ನು ಜೇಬಿಗಿಟ್ಟು ವಾಲ್ಯೂಮನ್ನು ಮೂರಕ್ಕೆ ಇಳಿಸಿದ.

“ಸಾರ್, ನಿಮ್ಮ ಅಕಾರ್ಡಿಯನ್ ಮೈಕೂ ಸ್ವಲ್ಪ ಇಳಿಸ್ತೀರಾ?” ಎಂದು ವೇದಿಕೆಯ ಆಚೆ ತುದಿಯಲ್ಲಿದ್ದ ರಾಮಪ್ರಸಾದರನ್ನು ಕೇಳಿದ.

“ನೀನು ಕಿರುಚ್ತೀಯ ಅಂತ ತಾನೆ ನಾನು ಏರ್ಸಿದ್ದು!” ಎಂದರು ರಾಮಪ್ರಸಾದ. ಗೊಣಗುತ್ತಲೇ ಇಳಿಸಿದರು.

ಚಿನ್ನಪ್ಪ ಮಲ್ಟಿಮೀಟರಿನ ತಂತಿ ಸುತ್ತಿಟ್ಟ. ಹಿಂದಿನ ವರ್ಷವೂ ಮೊದಲು ಏರಿಸಿದವನು ತಾನೇ ಎಂಬುದು ನೆನಪಾಗಿತ್ತು.

ಸಂಜೆ ಮೊದಲ ಮೂರು ಹಾಡುಗಳಲ್ಲಿ ಅವನ ಗಿಟಾರ್ ಅವನಿಗೇ ಸೊಳ್ಳೆಯಷ್ಟು ಕೇಳಿಸಿತು. ಎರಡು ಸಲ ಕೈ ವಾಲ್ಯೂಮಿನ ಕಡೆ ಹೋಗಿ ಹಿಂದೆ ಬಂತು. ಬೇರೆಯವರಿಗೆ ಜಾಗ ಬಿಟ್ಟು ನುಡಿಸುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ನಾಲ್ಕನೆಯ ಹಾಡಿನಲ್ಲಿ ತನ್ನ ಭಾಗ ಬಂದಾಗ ಪೆಡಲ್ ಒತ್ತಿದ. ಹಿಂದುಗಡೆ ಲೋಟ ತೊಳೆಯುತ್ತಿದ್ದ ಕ್ಯಾಂಟೀನಿನ ಭದ್ರಮ್ಮ ನಲ್ಲಿ ನಿಲ್ಲಿಸಿ ವೇದಿಕೆಯ ಕಡೆ ತಿರುಗಿದಳು. ಇಪ್ಪತ್ತು ಸೆಕೆಂಡು ಮುಗಿಯುವವರೆಗೂ ನಲ್ಲಿ ಬಿಡಲಿಲ್ಲ.

ಮುಗಿದ ಮೇಲೆ ಚಹಾ ತಂದುಕೊಟ್ಟು ಅಂದಳು: “ನಡೂಕೆ ಅದೊಂದೇ ತಂತಿ ಆಡ್ತಲ್ಲಣ್ಣ, ಅದು ಸಂದಾಕಿತ್ತು.”

ಪಕ್ಕದಲ್ಲಿದ್ದ ರಾಮಪ್ರಸಾದ ಅಕಾರ್ಡಿಯನ್ನನ್ನು ಪೆಟ್ಟಿಗೆಗಿಡುತ್ತ ನಕ್ಕರು. “ಅಂತೂ ಬಣ್ಣ ಕೆರೆದೆ. ಎಷ್ಟಕ್ಕೆ ಏರ್ಸಿದ್ಯೋ?”

ಚಿನ್ನಪ್ಪ ಡಬ್ಬಿಯನ್ನು ಎತ್ತಿ ತೋರಿಸಿದ. ತಿರುಪಿನ ಮೇಲೆ ಕೆಂಪು ತೊಟ್ಟು ಹಾಗೇ ಇತ್ತು.

“ಬೆಳಿಗ್ಗೆ ಇದ್ದಷ್ಟೇ ಸಾರ್. ಮೂರು ಪಟ್ಟು.”