ಹಿಮದ ಓಟಕ್ಕೆ ಬಂದ ಸಾರು

ಆ ಓಟದ ಹುಚ್ಚು ನನಗೆ ಹತ್ತಿದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ. ಕೋವಿಡ್ ಬಂದ ಮೊದಲ ವರ್ಷ, ಡಬ್ಲಿನ್‌ನಲ್ಲಿ ಚೆರ್ರಿ ಮರಗಳು ಹೂ ಬಿಡುವ ಹೊತ್ತು. ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು ಬೋರಲು ಮಲಗಿದ್ದವನು ಹೊತ್ತು ಹೋಗದೆ ಫೋನು ತಿರುವುತ್ತಿದ್ದೆ. ಊರಿನ ದಕ್ಷಿಣಕ್ಕಿರುವ, ಹಿಮ ಮುಚ್ಚಿದ ವಿಕ್ಲೋ ಬೆಟ್ಟಗಳ ಮೇಲೆ, ಚಳಿಗಾಲದ ನಟ್ಟನಡುವೆ, ಹಗಲೂ ರಾತ್ರಿ ಓಡುವವರ ವಿಡಿಯೊ ಒಂದು ಸಿಕ್ಕಿತು. ಗಡ್ಡದಲ್ಲಿ ಮಂಜುಗಡ್ಡೆ ನೇತಾಡುತ್ತಿದ್ದ ಒಬ್ಬ ಮನುಷ್ಯ ಕ್ಯಾಮೆರಾ ನೋಡಿ ನಗುತ್ತಿದ್ದ. ಅವನ ಬಾಯಿಂದ ಹೊರಟ ಉಸಿರು ಮೋಡದ ಹಾಗೆ ಕಾಣುತ್ತಿತ್ತು. ಅಷ್ಟು ಉಸಿರನ್ನು ಹಾಗೆ ಸುಮ್ಮನೆ ಖರ್ಚು ಮಾಡುವವನನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಅದಕ್ಕೆ ಮೊದಲು ನಾನು ಓಡಿದವನೇ ಅಲ್ಲ. ಬೆಂಗಳೂರಿನಲ್ಲಿದ್ದಾಗ ಕಂಪನಿಯವರು ಟೀ ಶರ್ಟು, ಇಡ್ಲಿ ವಡೆ ಕೊಡುತ್ತಾರೆಂದು ಒಂದು ಭಾನುವಾರ ಓಡಿದ್ದೆ, ಅಷ್ಟೆ. ಡಾಕ್ಟರು ಮನೆಗೆ ಕಳಿಸುವಾಗ, ಮೆಟ್ಟಿಲು ನಿಧಾನಕ್ಕೆ ಹತ್ತಿ, ಸ್ವಲ್ಪ ದಿನ ಭಾರ ಎತ್ತಬೇಡಿ ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಹೆಂಡತಿ ಹಾಲಿನ ಕ್ಯಾನು ಎತ್ತಲು ಬಿಡಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ನಾನು ಕೆಮ್ಮಿದರೆ ಹತ್ತು ಮುಖಗಳು ಮಾತು ನಿಲ್ಲಿಸುತ್ತಿದ್ದವು. ಫೋನು ಮಾಡಿದವರೆಲ್ಲ ‘ಹುಷಾರು, ಹುಷಾರು’ ಎಂದೇ ಇಡುತ್ತಿದ್ದರು. ನನಗೆ ರೇಗಿಹೋಯಿತು. ಆ ಓಟವನ್ನು ನನ್ನ ಕಾಲಿನಲ್ಲಿ, ನನ್ನ ಎದೆಗೂಡಿನಲ್ಲಿ, ಯಾರ ಕೈಯನ್ನೂ ಹಿಡಿಯದೆ ಮುಗಿಸಬೇಕು. ಮುಗಿಸಿದರೆ ನಾನು ರೋಗಿಯಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ಬೇಕು ಎಂದರೆ ಸಿಗುವ ಕಾಲವೇ ಅದು? ಮೊದಲ ಚಳಿಗಾಲಕ್ಕೆ ಹೆಸರು ಕೊಟ್ಟೆ, ಲಾಕ್‌ಡೌನ್ ಬಂತು, ಓಟ ಮುಂದೆ ಹೋಯಿತು. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿಲ್ಲ ಎಂಬ ಕಟ್ಟಳೆ. ನಾವಿದ್ದದ್ದು ಊರಿನ ಉತ್ತರಕ್ಕೆ, ವಿಮಾನ ನಿಲ್ದಾಣದ ಹತ್ತಿರದ ಬಡಾವಣೆಯಲ್ಲಿ. ವಿಮಾನಕ್ಕೆ ಬೇಕಾದದ್ದು ಸಪಾಟು ನೆಲ. ನಮ್ಮ ಐದು ಕಿಲೋಮೀಟರಿನೊಳಗೆ ಒಂದು ದಿಬ್ಬವೂ ಇರಲಿಲ್ಲ. ಮೋಡವಿಲ್ಲದ ದಿನ ಮಹಡಿ ಕಿಟಕಿಯಿಂದ ದಕ್ಷಿಣಕ್ಕೆ ನೋಡಿದರೆ ವಿಕ್ಲೋ ಬೆಟ್ಟಗಳು ನೀಲಿಯಾಗಿ, ಕೆಲವು ದಿನ ತಲೆಯ ಮೇಲೆ ಬೆಳ್ಳಗೆ ಹಿಮ ಹೊತ್ತು, ನನ್ನನ್ನು ಅಣಕಿಸಲೆಂದೇ ಅಲ್ಲಿ ಕೂತಂತೆ ಕಾಣುತ್ತಿದ್ದವು. ಒಂದು ಶನಿವಾರ ತಡೆಯಲಾರದೆ ಕಾರು ಹತ್ತಿ ಹೊರಟೆ. ದಾರಿಯಲ್ಲಿ ಪೊಲೀಸಿನವನು ನಿಲ್ಲಿಸಿದ. ಎಲ್ಲಿಗೆ ಎಂದು ಕೇಳಿದ, ಬೆಟ್ಟಕ್ಕೆ ಎಂದೆ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ನೀವು ಮನೆಗೆ ಹೋಗಿ ಎಂದು ಬಹಳ ಮರ್ಯಾದೆಯಿಂದ ವಾಪಸ್ ಕಳಿಸಿದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಕೊನೆಗೆ ಅಭ್ಯಾಸ ಮಾಡಿದ್ದು ಶಾಪಿಂಗ್ ಸೆಂಟರಿನ ಬಹುಮಹಡಿ ಕಾರ್ ಪಾರ್ಕಿಂಗಿನಲ್ಲಿ. ಖಾಲಿ ಬಿದ್ದಿತ್ತು. ಸೋನಾ ಮಸೂರಿ ಅಕ್ಕಿಯ ಚೀಲವನ್ನು ಬೆನ್ನುಚೀಲದೊಳಗೆ ತುರುಕಿಕೊಂಡು ಆ ಕಾಂಕ್ರೀಟಿನ ಇಳಿಜಾರನ್ನು ಹತ್ತುವುದು, ಇಳಿಯುವುದು. ಎರಡು ವಾರ ಅದೂ ನಡೆಯಿತು, ಆಮೇಲೆ ಕಾವಲಿನವನು ಬಂದು ಇದು ಕಾರುಗಳಿಗೆ ಮಾತ್ರ ಎಂದ. ಇಡೀ ಕಟ್ಟಡದಲ್ಲಿ ಒಂದೇ ಒಂದು ಕಾರೂ ಇರಲಿಲ್ಲ.

ಹಾಗೂ ಹೀಗೂ ಮತ್ತೊಂದು ಚಳಿಗಾಲ ಬಂತು. ಕಟ್ಟಳೆಗಳು ಸಡಿಲವಾದವು, ಓಟ ಈ ಸಲ ಖಂಡಿತ ನಡೆಯುತ್ತದೆ ಎಂದರು. ಅಷ್ಟರಲ್ಲಿ ನಮಗೆ ಮಗು ಹುಟ್ಟಿತ್ತು, ಬಾಣಂತನಕ್ಕೆಂದು ಮೈಸೂರಿನಿಂದ ಅತ್ತೆ ಬಂದಿಳಿದಿದ್ದರು.

ನಮ್ಮ ಅತ್ತೆ ಅಳಿಯನೊಂದಿಗೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ಕೂತಿದ್ದರೂ “ಅವರು ಕಾಫಿ ಕುಡೀತಾರೇನೋ ಕೇಳೇ” ಎಂದು ಮಗಳಿಗೆ ಹೇಳುವರು. ಅದು ಅವರ ಕಾಲದ ಮರ್ಯಾದೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿದ್ದದ್ದು ಬಾಣಂತನದ ಬಗ್ಗೆ. ಮಗಳಿಗೆ ಮಾಡಿದ್ದನ್ನೆಲ್ಲ ಅವರು ನನಗೂ ಮಾಡತೊಡಗಿದರು. ಅವಳಿಗೆ ಮೆಣಸಿನ ಸಾರು ಅನ್ನವೆಂದರೆ ನನಗೂ ಅದೇ. ಅವಳ ಕಿವಿಗೆ ಹತ್ತಿ, ನನ್ನ ಮೇಜಿನ ಮೇಲೂ ಎರಡು ಹತ್ತಿಯ ಉಂಡೆ. “ತಣ್ಣೀರು ಮುಟ್ಟಬಾರದು ಅಂತ ಹೇಳೇ, ಎದೆ ಇನ್ನೂ ಹಸಿಯಾಗಿರುತ್ತೆ.” ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದ್ದಕ್ಕೆ ಮನೆಯ ಹೊಗೆ ಅಲಾರಾಂ ಕಿತ್ತುಹೋಗುವಂತೆ ಅರಚಿ, ಪಕ್ಕದ ಮನೆಯವರು ಓಡಿ ಬಂದು ವಿಚಾರಿಸಿಕೊಂಡು ಹೋದರು. ಅತ್ತೆ ಮಾತ್ರ ಆ ಕೆಂಡದ ತಟ್ಟೆಯನ್ನು ನನ್ನ ಕೋಣೆಗೂ ತಂದಿಟ್ಟರು. ಗೆಳೆಯನೊಬ್ಬ ಫೋನಿನಲ್ಲಿ “ನಿಮ್ಮನೇಲಿ ಎಷ್ಟು ಜನ ಬಾಣಂತಿಯರೋ?” ಎಂದು ನಕ್ಕ. ನನಗೆ ನಗು ಬರಲಿಲ್ಲ. ಹಿಮದಲ್ಲಿ ಓಡಲು ಹೊರಟವನಿಗೆ ಎರಡು ವರ್ಷವಾಗುತ್ತ ಬಂದರೂ ಕಿವಿಗೆ ಹತ್ತಿ ಎಂದರೆ ಮೈಯೆಲ್ಲ ಉರಿಯುತ್ತದೆ.

ಓಟದ ನಿಯಮಗಳ ಪೈಕಿ ಒಂದು ನನಗೆ ಬಹಳ ಹಿಡಿಸಿತ್ತು. ದಾರಿಯುದ್ದಕ್ಕೂ ಓಟ ನಡೆಸುವವರದೇ ಕೆಲವು ತಂಗುದಾಣಗಳಿರುತ್ತವೆ. ಅಲ್ಲಿ ಬಿಟ್ಟರೆ ಬೇರೆಲ್ಲೂ ಹೊರಗಿನವರಿಂದ ಏನನ್ನೂ ತೆಗೆದುಕೊಳ್ಳಬಾರದು. ಒಂದು ಗುಟುಕು ನೀರೂ ಕೂಡದು. ತೆಗೆದುಕೊಂಡರೆ ಓಟದಿಂದ ಹೊರಗೆ. ಕೋವಿಡ್ ಕಾರಣಕ್ಕೆ ಈ ಸಲ ಅದು ಇನ್ನೂ ಬಿಗಿಯಾಗಿತ್ತು. ನಾನು ಇದನ್ನು ಮನೆಯಲ್ಲಿ ಎರಡೆರಡು ಸಲ ಓದಿ ಹೇಳಿದ್ದೆ. ಅತ್ತೆ ಅಕ್ಕಿ ಆರಿಸುತ್ತ ಕೇಳಿಸಿಕೊಂಡಿದ್ದರು. “ಇದೇನೇ ಇದು, ನೀರೂ ಕೊಡಬಾರದಾ?” ಎಂದು ಮಗಳಿಗೆ ಹೇಳಿದ್ದರು, ಅಷ್ಟೆ.

ಓಟದ ಮುಂಜಾನೆ, ಬಿಟ್ಟುಹೋಗಲು ಬಂದಿದ್ದ ಗೆಳೆಯನ ಕಾರಿನಲ್ಲೇ ಕೂತು, ಮೂಗಿಗೆ ಕೋವಿಡ್ ಪರೀಕ್ಷೆಯ ಕಡ್ಡಿ ಹಾಕಿಕೊಂಡು ಆ ಎರಡನೆಯ ಗೆರೆ ಮೂಡದಿರಲಿ ಎಂದು ಚಾಮುಂಡಿಗೆ ಹರಕೆ ಹೊತ್ತೆ. ಮೂಡಲಿಲ್ಲ. ಮಾಸ್ಕ್ ಹಾಕಿ ಸಾಲಿನಲ್ಲಿ ನಿಲ್ಲಿಸಿದರು. ಹಿಂದಿನ ದಿನದಿಂದ ಬಿದ್ದ ಹಿಮ ಕಾಲುದಾರಿಯನ್ನು ಮುಚ್ಚಿಬಿಟ್ಟಿತ್ತು. ತಂಗುದಾಣವೆಂದರೆ ಗೋಡೆಯಿಲ್ಲದ ಡೇರೆ, ಒಳಗೆ ಕೂರುವಂತಿಲ್ಲ. ತಿನ್ನುವ ಮೊದಲು ಕೈಗೆ ಸ್ಯಾನಿಟೈಸರ್ ಹಿಂಡುತ್ತಿದ್ದರು, ಮೊದಲೇ ಮರಗಟ್ಟಿದ ಬೆರಳುಗಳು ಅದರಿಂದ ಪೂರ್ತಿ ಸತ್ತೇಹೋಗುತ್ತಿದ್ದವು. ಬೆನ್ನುಚೀಲದಿಂದ ಬಾಯಿಗೆ ಬರುವ ನಳಿಗೆಯಲ್ಲಿ ನೀರು ಗಟ್ಟಿಯಾಗಿ ಕೂತಿತ್ತು. ಗಟ್ಟಿ ನೆಲವೆಂದು ಹೆಜ್ಜೆಯಿಟ್ಟಲ್ಲಿ ಹಿಮದ ಕೆಳಗೆ ಕಪ್ಪು ಕೆಸರು, ಮಂಡಿಯವರೆಗೆ ಹೂತು, ಕಾಲು ಎಳೆದರೆ ಬೂಟು ಕೆಳಗೇ ಉಳಿಯುತ್ತಿತ್ತು. ಕನ್ನಡದಲ್ಲಿ ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಹಿಂದೆ ಬರುತ್ತಿದ್ದ ಐರಿಷ್ ಮುದುಕ ಅದನ್ನು ಪ್ರಾರ್ಥನೆ ಎಂದುಕೊಂಡನೋ ಏನೋ, ಒಳ್ಳೆಯದಾಗಲಿ ಎಂದು ಹೆಬ್ಬೆರಳೆತ್ತಿ ಮುಂದೆ ಹೋದ.

ಆದರೂ ಉಸಿರು ಸರಿಯಾಗಿತ್ತು. ಒಂದು ಉದ್ದನೆಯ ಏರು ಹತ್ತಿ ನಿಂತಾಗ ಎದೆ ತಿದಿಯ ಹಾಗೆ ಆಡುತ್ತಿತ್ತು, ಎಲ್ಲೂ ಕಟ್ಟಲಿಲ್ಲ, ಚುಚ್ಚಲಿಲ್ಲ. ನನ್ನ ಬಾಯಿಂದಲೂ ಉಸಿರು ಮೋಡದ ಹಾಗೆ ಹೋಗುತ್ತಿತ್ತು. ಎರಡು ವರ್ಷದಲ್ಲಿ ಅಷ್ಟು ಖುಷಿಯಾದದ್ದು ನನಗೆ ನೆನಪಿಲ್ಲ. ಮುಗಿಸುತ್ತೇನೆ ಎಂದು ಆಗ ಖಾತ್ರಿಯಾಯಿತು.

ನಮ್ಮ ಬೆನ್ನಿಗೆ ಒಂದೊಂದು ಪುಟ್ಟ ಯಂತ್ರ ಕಟ್ಟಿದ್ದರು. ನಾವು ಎಲ್ಲಿದ್ದೇವೆ ಎಂಬುದನ್ನು ಅದು ಕಳಿಸುತ್ತದೆ, ಮನೆಯಲ್ಲಿದ್ದವರಿಗೆ ಫೋನಿನ ನಕಾಶೆಯಲ್ಲಿ ನಾವು ಒಂದು ಚುಕ್ಕಿಯಾಗಿ ಕಾಣುತ್ತೇವೆ. ನಾನು ಪೈನ್ ಮರಗಳ ಕಣಿವೆಗೆ ಇಳಿದಾಗ ಆ ಯಂತ್ರಕ್ಕೆ ಸಿಗ್ನಲ್ ಸಿಗಲಿಲ್ಲವಂತೆ. ನಾನು ಜಿಂಕೆಯ ಹಾಗೆ ಓಡುತ್ತಿದ್ದೆ, ನನ್ನ ಚುಕ್ಕಿ ಮಾತ್ರ ಬೆಟ್ಟದ ನೆತ್ತಿಯ ಮೇಲೆ ಅಲ್ಲಾಡದೆ ನಿಂತಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಕಣಿವೆ ದಾಟಿ, ಮತ್ತೆ ಏರಿ, ಮಧ್ಯಾಹ್ನ ಬಾಗಿದ ಮೇಲೆ ಬೆಟ್ಟದ ಡಾಂಬರು ರಸ್ತೆಯನ್ನು ದಾಟುವ ಜಾಗಕ್ಕೆ ಬಂದೆ. ಹಳದಿ ಜಾಕೆಟ್ಟಿನ ಹೆಂಗಸೊಬ್ಬಳು ಓಟಗಾರರನ್ನು ರಸ್ತೆ ದಾಟಿಸಲು ನಿಂತಿದ್ದಳು. ಅವಳಾಚೆ ನಮ್ಮ ಕಾರು. ಕಾರಿನ ಪಕ್ಕ ನಮ್ಮ ಅತ್ತೆ, ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ಟು ತೊಟ್ಟು, ಕಾಲಿಗೆ ಮಗಳ ರಬ್ಬರ್ ಬೂಟು ಹಾಕಿ, ಕೈಯಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದರು. ನನಗೆ ತಲೆ ಕೆಟ್ಟಿತು.

“ಚುಕ್ಕಿ ನಿಂತುಬಿಟ್ಟಿತ್ತು ಕಣ್ರೀ,” ಎಂದಳು ಹೆಂಡತಿ. ತಾಯಿ ಎದುರಿಗಿದ್ದಾಗ ಮಾತ್ರ ಅವಳು ನನ್ನನ್ನು ‘ರೀ’ ಎನ್ನುವುದು. “ಅಲ್ಲಾಡ್ತಾನೇ ಇರ್ಲಿಲ್ಲ. ಏನೋ ಆಗಿದೆ ನಡಿ ನಡಿ ಅಂತ ಅಮ್ಮ ಒಂದೇ ಸಮ. ನಾನೇನ್ ಮಾಡ್ಲಿ?”

“ಏನೂ ಆಗಿಲ್ಲ. ನೋಡಿದ್ರಲ್ಲ, ಹೊರಡಿ.”

ಅಷ್ಟರಲ್ಲಿ ಅತ್ತೆ ಫ್ಲಾಸ್ಕಿನ ಮುಚ್ಚಳದಲ್ಲಿ ಮೆಣಸಿನ ಸಾರು ಬಗ್ಗಿಸಿ ಮುಂದೆ ಹಿಡಿದರು. ಹಳದಿ ಜಾಕೆಟ್ಟಿನವಳು ಹತ್ತಿರ ಬಂದು, ಕ್ಷಮಿಸಿ, ಅದನ್ನು ಅವರು ತೆಗೆದುಕೊಳ್ಳುವಂತಿಲ್ಲ ಎಂದಳು. ಹೇಳಿ ಅತ್ತೆಯ ಮುಖ ನೋಡಿದಳು, ಬೂಟು ನೋಡಿದಳು. ನೋಡಿ, “ನಾನು ಆ ಕಡೆಯ ಬೆಟ್ಟ ನೋಡ್ತಾ ಇದ್ದೀನಿ. ಯೂ ಆರ್ ಗ್ರ್ಯಾಂಡ್, ಏನೂ ಪರವಾಗಿಲ್ಲ,” ಎಂದು ಪೂರ್ತಿ ಬೆನ್ನು ತಿರುಗಿಸಿ ನಿಂತುಬಿಟ್ಟಳು.

ಈ ದೇಶದ ಈ ಗುಣ ಬೇರೆ ದಿನ ನನಗೆ ಇಷ್ಟ. ಅವತ್ತು ಕೆಂಡದಂಥ ಕೋಪ ಬಂತು. ಅವಳು ಕಟ್ಟುನಿಟ್ಟಾಗಿದ್ದರೆ ನಾನು ಕೈಮುಗಿದು ಓಡಿಬಿಡುತ್ತಿದ್ದೆ.

“ಅತ್ತೆ, ನಾನು ರೋಗಿ ಅಲ್ಲ,” ಎಂದೆ, ಬೇಕಾದ್ದಕ್ಕಿಂತ ಜೋರಾಗಿ. “ಇದನ್ನ ಕುಡಿದ್ರೆ ಎರಡು ವರ್ಷ ಒದ್ದಾಡಿದ್ದೆಲ್ಲ ದಂಡ. ಹೊರಗಿನಿಂದ ಏನೂ ತಗೋಬಾರದು ಅಂತ ಎಷ್ಟು ಸಲ ಹೇಳಿದ್ದೆ ನಿಮಗೆ?”

ಅತ್ತೆ ಮಗಳ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿ ಹೇಳಿದರು.

“ಅವತ್ತೂ ಹಾಗೇ ಅಂದ್ರು.”

“ಯಾವತ್ತು?”

“ನೀವು ಆಸ್ಪತ್ರೇಲಿ ಇದ್ದಾಗ. ನಾನು ಮೈಸೂರಿಂದ ಫೋನಲ್ಲಿ ಹೇಳ್ಕೊಟ್ಟೆ, ಇವಳು ಸಾರು ಮಾಡಿ ತಗೊಂಡು ಹೋದ್ಲು. ಹೊರಗಿಂದ ಏನೂ ಒಳಗೆ ಬಿಡಲ್ಲ ಅಂದ್ರಂತೆ. ಹಾಗೇ ವಾಪಸ್ ತಂದ್ಲು. ಆ ಡಬ್ಬಿ ಮುಂದಿಟ್ಕೊಂಡು ಅಡುಗೆಮನೆ ನೆಲದ ಮೇಲೆ ಕೂತು ಇವಳು ಅಳ್ತಿದ್ರೆ, ನಾನು ಅಲ್ಲಿಂದ ಫೋನಲ್ಲಿ ನೋಡ್ತಾ ಕೂತಿದ್ದೆ. ವಿಮಾನ ಇಲ್ಲ, ಏನಿಲ್ಲ. ನಾಳೆಗೆ ಉಳೀತಾರೋ ಇಲ್ವೋ ಅಂತ ಗೊತ್ತಿಲ್ಲ. ಒಂದು ಲೋಟ ಸಾರು ಕೊಡಕ್ಕಾಗ್ಲಿಲ್ಲ ನಮಗೆ.”

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಾರಿನೊಳಗೆ ಬಗ್ಗಿ ಮಗುವಿನ ಟೋಪಿ ಸರಿಮಾಡತೊಡಗಿದಳು. ಆ ಟೋಪಿ ಸರಿಯಾಗಿಯೇ ಇತ್ತು. ಈ ಎರಡು ವರ್ಷದಲ್ಲಿ ಅವಳು ಈ ಮಾತನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಆ ದಿನಗಳು ನನ್ನೊಬ್ಬನ ದಿನಗಳು ಎಂದೇ ತಿಳಿದಿದ್ದೆ.

ಆಸ್ಪತ್ರೆಯ ನಿಯಮ ಬೇರೆ, ಓಟದ ನಿಯಮ ಬೇರೆ ಎಂದು ವಾದಿಸಬಹುದಿತ್ತು. ಈಗ ನಾನು ಗಟ್ಟಿಮುಟ್ಟಾಗಿದ್ದೇನೆ, ಸಾಯುತ್ತಿಲ್ಲ ಎನ್ನಬಹುದಿತ್ತು. ಮುಚ್ಚಳದಿಂದ ಏಳುತ್ತಿದ್ದ ಹಬೆ ಆಗಲೇ ಕಡಿಮೆಯಾಗುತ್ತಿತ್ತು. ತೆಗೆದುಕೊಂಡು ಕುಡಿದೆ. ಪ್ರೀತಿಯಿಂದ ಕುಡಿದೆ ಎಂದರೆ ಸುಳ್ಳು, ಸಿಟ್ಟಿನಿಂದಲೇ ಕುಡಿದೆ. ಗಂಟಲು ಸುಟ್ಟಿತು.

ಹಳದಿ ಜಾಕೆಟ್ಟಿನವಳು ತಿರುಗಿ, ಸರಿ ಹಾಗಾದರೆ, ಕತ್ತಲಾಗುವ ಮೊದಲು ಹೊರಡಿ ಎಂದಳು. ನಾನು ಎದೆಯ ಮೇಲಿನ ನಂಬರಿನ ಪಿನ್ನುಗಳನ್ನು ಬಿಚ್ಚತೊಡಗಿದೆ. ಬೆರಳು ಬಗ್ಗಲಿಲ್ಲ, ಅವಳೇ ಬಿಚ್ಚಿಕೊಟ್ಟಳು. ಯಾರೂ ನೋಡಲಿಲ್ಲವಲ್ಲ ಎಂದು ಮತ್ತೆ ಮೆಲ್ಲಗೆ ಹೇಳಿದಳು. ಯಾರ ಕೈಯಿಂದಲೂ ಏನೂ ಇಲ್ಲದೆ ಮುಗಿಸಬೇಕೆಂದು ಹೊರಟವನು ನಾನು. ಸಾರು ಕುಡಿದು ಮುಗಿಸಿದರೆ ಅದು ನಾನು ಹೆಸರು ಕೊಟ್ಟ ಓಟವಾಗುತ್ತಿರಲಿಲ್ಲ. ನನ್ನ ಹಿಂದಿದ್ದವರು ಒಬ್ಬೊಬ್ಬರಾಗಿ ರಸ್ತೆ ದಾಟಿ ಮೇಲೆ ಹೋಗುತ್ತಿದ್ದರು. ಅವರಿಗಿಂತ ನನ್ನ ಉಸಿರು ಚೆನ್ನಾಗಿತ್ತು.

ಮನೆಯ ಕಡೆ ಹೆಂಡತಿಯೇ ಕಾರು ಓಡಿಸಿದಳು. ನಾನು ಪಕ್ಕದಲ್ಲಿ, ಅತ್ತೆ ಹಿಂದೆ ಮಗುವಿನ ಹತ್ತಿರ. ನನ್ನ ಮುಖ ಗಂಟು ಹಾಕಿಕೊಂಡೇ ಇತ್ತು, ಅದನ್ನು ಬಿಚ್ಚುವ ಮನಸ್ಸೂ ನನಗಿರಲಿಲ್ಲ. ಊರಿನ ದೀಪಗಳು ಕಾಣತೊಡಗಿದಾಗ ಅತ್ತೆ ಹಿಂದಿನಿಂದ ಮಗಳಿಗೆ ಹೇಳಿದರು.

“ಈಗ ಆಸ್ಪತ್ರೆಯಿಂದ ಮನೆಗೆ ಬಂದ್ರು ಅನ್ನಿಸ್ತು ಕಣೇ.”

ನಾನು ಬಂದು ಎರಡು ವರ್ಷವಾಗುತ್ತ ಬಂದಿತ್ತು. ಅದನ್ನೇ ಹೇಳಲು ಬಾಯಿ ತೆರೆದೆ. ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯದೆ, “ನಂಗೂ ಅಮ್ಮ,” ಎಂದಳು.