ನುಂಗುವುದನ್ನು ಮತ್ತೆ ಕಲಿತವರು

ಮುದ್ದೆಯ ತುತ್ತು ಇಳಿಯುವಾಗ ನಮ್ಮ ಸೋದರತ್ತೆಯ ಕೊರಳಿನ ಕರಿಮಣಿ ಸರ ಒಮ್ಮೆ ಮೇಲೆದ್ದು ಕೆಳಗೆ ಕೂರುತ್ತಿತ್ತು. ಬಂಗಾರಪೇಟೆಯ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಮುದ್ದೆಯನ್ನು ಅಗಿಯುವ ರೂಢಿಯಿಲ್ಲ. ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಕಾಲೇಜು ಹಾಸ್ಟೆಲಿನ ಅನ್ನಕ್ಕೆ ಒಗ್ಗಿಹೋಗಿದ್ದ ನಾನು ಒಮ್ಮೆ ಮುದ್ದೆಯನ್ನು ಅಗಿದದ್ದನ್ನು ಕಂಡು, "ಅಲ್ಲು ಬಂದಿರಾದು ನಿಂಗೊಬ್ನಿಗೇ ಏನ್ಲಾ?" ಎಂದು ಎಲ್ಲರೆದುರು ನಗಾಡಿದ್ದರು.

ಅವರು ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದರು. "ಮೇವು ಬಿಟ್ಟ ಅಸ ಉಳಿಯಲ್ಲ ಕಣ್ಲಾ" ಎಂಬುದು ಅವರ ಖಾಯಂ ಮಾತು.

ಕೊರೊನಾದ ಎರಡನೆಯ ಅಲೆಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಗಂಟಲಿನಿಂದ ಉಸಿರಾಟದ ಕೊಳವೆ ತೆಗೆದು ವಾರ್ಡಿಗೆ ಕಳುಹಿಸಿದಾಗ ದನಿ ಪಿಸುಮಾತಾಗಿತ್ತು. ಮೈ ಕರಗಿ, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಹಾರವೆಲ್ಲ ಮೂಗಿನ ನಳಿಕೆಯಲ್ಲಿ. ಮನೆಯಲ್ಲಿ ಓದಿದವನು ನಾನೊಬ್ಬನೇ ಆದುದರಿಂದ ಜೊತೆಗೆ ಉಳಿದೆ.

ಗಟ್ಟಿಯಾದದ್ದನ್ನು ನುಂಗಲಾಗದವರಿಗೆ ತೆಳುವಾದದ್ದು ಸುಲಭವೆಂಬುದು ನಮ್ಮೆಲ್ಲರ ನಂಬಿಕೆ. ನಾನು ಔಷಧ ತರಲು ಹೋಗಿದ್ದಾಗ, ಅತ್ತೆಯ ಗಂಡ, ನಮ್ಮ ಮಾವ, ಮನೆಯಿಂದ ತಂದ ನೀರಾದ ರಾಗಿ ಅಂಬಲಿಯನ್ನು ಕುಡಿಸಿಬಿಟ್ಟರು. ಅದು ಶ್ವಾಸಕೋಶಕ್ಕೆ ಇಳಿಯಿತು. ಮತ್ತೆ ಜ್ವರ, ಮತ್ತೆ ಆಮ್ಲಜನಕ. ಹೀಗೇ ಮುಂದುವರಿದರೆ ಹೊಟ್ಟೆಗೇ ರಂಧ್ರ ಮಾಡಿ ನಳಿಕೆ ಹಾಕಬೇಕಾದೀತೆಂದು ವೈದ್ಯರು ಎಚ್ಚರಿಸಿದರು.

ಜ್ವರ ಇಳಿದ ಮೇಲೆ, ನುಂಗುವುದನ್ನು ಕಲಿಸಲು ಒಬ್ಬ ಥೆರಪಿಸ್ಟ್ ಬಂದರು. "ನೀರು ಬೇಗ ಜಾರುತ್ತೆ ಅಮ್ಮ, ಉಸಿರಿನ ದಾರಿ ಅಷ್ಟು ಬೇಗ ಮುಚ್ಚಲ್ಲ. ಗಟ್ಟಿಯಾಗಿರಬೇಕು, ಸ್ವಲ್ಪಸ್ವಲ್ಪವೇ" ಎಂದರು. ಕೂಸುಗಳಿಗೆ ಕೊಡುವ ರಾಗಿ ಸರಿ ಬಂತು. ಅತ್ತೆ ಅದನ್ನೇ ದಿಟ್ಟಿಸಿದರು.

"ನಂಗೆ ನಾಮಕರಣಾನೂ ಮಾಡ್ಬಿಡ್ರಿ" ಎಂದು ಪಿಸುಗುಟ್ಟಿ ಬಾಯಿ ತೆರೆದರು.

ಗದ್ದವನ್ನು ಎದೆಗೆ ತಾಗಿಸಿ ನುಂಗುವುದು, ಬಾಯಿ ಬರಿದಾದ ಮೇಲೂ ಮತ್ತೊಮ್ಮೆ ನುಂಗುವುದು. ಚಮಚವಿಲ್ಲದ ಹೊತ್ತಿನಲ್ಲೂ ಅವರು ಅಭ್ಯಾಸ ಬಿಡಲಿಲ್ಲ. ತಲೆ ತಗ್ಗಿಸುವುದನ್ನು ಪ್ರಾರ್ಥನೆಯೆಂದುಕೊಂಡ ಪಕ್ಕದ ಹಾಸಿಗೆಯ ಮಾರಿಕುಪ್ಪಂ ಅಜ್ಜಿ, ತಮಿಳು ಬೆರೆಸಿ, "ಏನಮ್ಮಾ, ದಿನಾಪೂರ್ತಿ ಸಾಮಿ ಕುಂಬಿಡ್ತೀಯ?" ಎಂದು ಕೇಳಿದರು.

"ಸಾಮಿಗಲ್ಲಮ್ಮ, ಗಂಟ್ಲಿಗೆ."

ಅಂಬಲಿ ಕುಡಿಸಿದ ದಿನದಿಂದ ಮಾವ ಬಾಗಿಲಿನಾಚೆಯೇ ನಿಲ್ಲುತ್ತಿದ್ದರು. ಒಳಗೆ ಬರುವ ಧೈರ್ಯ ಅವರಿಗಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಸರಿ ಉಣಿಸಲು ಹೋದ ನನ್ನ ಕೈಯನ್ನು ತಡೆದರು. "ನೀನು ಆಚೆ ಓಗ್ಲಾ. ಚಮಚ ನಿಮ್ಮಾವನ ಕೈಗೆ ಕೊಡು. ಅವ್ರು ಇಂಗೆ ಎದರ್ಕೊಂಡ್ರೆ ನಾಳೆ ಮನೇಲಿ ನಂಗೆ ಉಣ್ಸೋರ್ಯಾರು?"

ಮಾವ ಚಮಚದ ತುದಿಯಲ್ಲಿ ಸರಿ ತೆಗೆದು ಬಾಯಿಗಿಟ್ಟರು. ಅತ್ತೆ ಗದ್ದ ತಗ್ಗಿಸಿ ನುಂಗಿದರು, ಮತ್ತೊಮ್ಮೆ ನುಂಗಿದರು, ಕೆಮ್ಮಲಿಲ್ಲ. "ಊಂ, ಇನ್ನೊಂದು" ಎಂದರು.

ಕೆಲವು ವಾರಗಳಲ್ಲಿ ನಳಿಕೆ ಹೋಯಿತು. ಕೆನ್ನೆ ತುಂಬಲು ಬಹಳ ತಿಂಗಳು ಹಿಡಿಯಿತು. ಪರೀಕ್ಷೆ, ಸಂದರ್ಶನಗಳಲ್ಲಿ ತಪ್ಪಾದೀತೆಂದು ಸದಾ ಅಂಜುತ್ತಿದ್ದ ನಾನು, ಬಲ್ಲ ಕೆಲಸವನ್ನೂ ಹೊಸದಾಗಿ ಕಲಿಯಲು ನಾಚಬಾರದೆಂಬುದನ್ನು ಅವರಿಂದ ಅರಿತೆ.

ಕಳೆದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಸಾವಿಗೆ ಬಂದವರ ಕೈಹಿಡಿದು ಮಾವ ಒಂದೇ ಮಾತು ಹೇಳುತ್ತಿದ್ದರು: "ಅವತ್ತು ಮದ್ಯಾನ್ನ ಒಟ್ಟೆ ತುಂಬಾ ಉಂಡಿದ್ಳು. ತಟ್ಟೇಲಿ ಏನೂ ಬಿಟ್ಟಿರ್ಲಿಲ್ಲ."