ಪಟದ ಹಿಂದಿನ ನಂಬರು

ಆದೋನಿಯ ಹತ್ತಿ ಮಿಲ್ಲಿನಲ್ಲಿ ನಾನು ಕಸ ಹೊಡೆಯುವವಳು. ಅಕ್ಷರ ಕೂಡಿಸಿ ಓದಲು ನನಗೆ ಹೊತ್ತು ಬೇಕು. ಅಂಕಿ ಮಾತ್ರ ತಪ್ಪುವುದಿಲ್ಲ, ಹತ್ತಿ ಒತ್ತಿ ಕಟ್ಟಿದ ಬೇಲುಗಳ ಮೇಲೆ ಬರೆದ ನಂಬರು ನೋಡಿ ನೋಡಿ ಬಂದದ್ದು.

ಆಫೀಸಿನ ಹಿಂದೆ ಒಂದು ತಣ್ಣನೆಯ ಕೋಣೆ ಇದೆ. ಅದರ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಒಳಗಿರುವುದು ಒಂದೇ ಕಬ್ಬಿಣದ ಪೆಟ್ಟಿಗೆ. ಆದರೆ ಅದರ ಹೊಟ್ಟೆಯಲ್ಲಿ ತೂಕಕ್ಕೊಂದು, ಬಿಲ್ಲಿಗೊಂದು, ಹಾಜರಿಗೊಂದು, ಹೀಗೆ ಮೂರು ಕಂಪ್ಯೂಟರ್ ಇವೆಯಂತೆ. ಕಣ್ಣಿಗೆ ಕಾಣುವುದಿಲ್ಲ. ಇರಲಿ, ನಾನು ಧೂಳು ಒರೆಸುವುದು ಒಂದಕ್ಕೇ.

ಹೋದ ಸುಗ್ಗಿಯಲ್ಲಿ ಒಂದು ದಿನ ಮಧ್ಯಾಹ್ನ ತೂಕದ ಚೀಟಿ ಬರುವುದು ನಿಂತುಹೋಯಿತು. ಚೀಟಿ ಇಲ್ಲದೆ ಮಿಲ್ಲಿನಲ್ಲಿ ಹತ್ತಿ ಇಳಿಸುವುದಿಲ್ಲ. ಹೊರಗೆ ಟ್ರ್ಯಾಕ್ಟರುಗಳ ಸಾಲು. ಸಾಲಿನಲ್ಲಿ ಮೂರನೆಯದು ನಮ್ಮದೇ. ಪೆದ್ದಹರಿವಾಣಂನಿಂದ ನನ್ನ ಸೊಸೆ ವರ್ಷದ ಹತ್ತಿಯನ್ನೆಲ್ಲ ಹೇರಿಕೊಂಡು ಬಂದು, ಅದರ ಮೇಲೆ ಮಹಾರಾಣಿಯ ಹಾಗೆ ಕೂತಿದ್ದಳು. ಹೊದಿಸಲು ತಾಡಪತ್ರಿ ತಂದಿರಲಿಲ್ಲ. ಪಡುವಣದಲ್ಲಿ ಮೋಡ ಕರ್ರಗೆ ಏರುತ್ತಿತ್ತು. ಹತ್ತಿ ನೆನೆದರೆ ಕೇಳುವವರಿಲ್ಲ.

"ಅತ್ತೀ, ನಿಮ್ಮ ಮಿಲ್ಲಿನಾಗ ಮಷೀನಿಗೂ ಜಡ್ಡು ಬರತಾವೇನ್ರಿ?" ಎಂದಳು ಮೇಲಿನಿಂದಲೇ.

ತಾಡಪತ್ರಿ ಮರೆತವಳು ಬಾಯಿ ಮಾತ್ರ ಮರೆಯದೆ ತಂದಿದ್ದಾಳೆ ಎಂದು ನಾನೂ ಅಂದೆ.

ಕಂಪ್ಯೂಟರ್ ನೋಡಿಕೊಳ್ಳುವವನು ಮಗುವಿನ ಜವಳದ ಕೂದಲು ತೆಗೆಸಲು ಮಂತ್ರಾಲಯಕ್ಕೆ ಹೋಗಿದ್ದ. ಫೋನು ಹತ್ತುತ್ತಿರಲಿಲ್ಲ, ಹೊಳೆಯಲ್ಲಿ ಮುಳುಗು ಹಾಕುತ್ತಿದ್ದನೋ ಏನೋ. ಮ್ಯಾನೇಜರು ರಿಪೇರಿಯವರಿಗೆ ಫೋನು ಹಚ್ಚಿದ. ಆ ಕಡೆ ಮಾತಾಡಿದ್ದು ರಾಯಚೂರು ಕಡೆಯ ಹುಡುಗಿ. ಪೆಟ್ಟಿಗೆ ತನಗೆ ಅಲ್ಲಿಂದ ಕಾಣುತ್ತಿಲ್ಲ, ಅದರಲ್ಲಿರುವ ಸಾಫ್ಟ್‌ವೇರ್ ಯಾವ ವರ್ಷನ್ ಎಂದು ನೀವೇ ನೋಡಿ ಹೇಳಬೇಕು ಎಂದಳು. ಯಾವ ತಳಿ ಎಂದು ತಿಳಿಯದೆ ಗಿಡಕ್ಕೆ ಔಷಧಿ ಹೊಡೆದರೆ ಸುಟ್ಟುಹೋಗುವುದಿಲ್ಲವೇ, ಇದೂ ಹಾಗೆಯೇ ಎಂದಳು. ಹುಡುಗಿಗೆ ಬುದ್ಧಿ ಇದೆ ಎನಿಸಿತು.

ಮ್ಯಾನೇಜರು ತನ್ನ ಮೇಜಿನ ಕಂಪ್ಯೂಟರ್ ನೋಡಿ ಒಂದು ನಂಬರು ಹೇಳಿದ. ಅದಲ್ಲ ಎಂದಳು. ತೂಕದ ಕಂಪ್ಯೂಟರಿನದು ಹೇಳಿದ. ಅದೂ ಅಲ್ಲ. ಹಾಜರಿಯದು ಹೇಳಿದ. ಹುಡುಗಿ ನಿಟ್ಟುಸಿರು ಬಿಟ್ಟದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಅವಳು ಕೇಳುತ್ತಿದ್ದದ್ದು ಪೆಟ್ಟಿಗೆಯೆಂಬ ಮನೆಯೊಡತಿಯ ಹೆಸರು, ಇವನು ಒಬ್ಬೊಬ್ಬರೇ ಬಾಡಿಗೆಯವರ ಹೆಸರು ಹೇಳುತ್ತಿದ್ದ. ಬಾಡಿಗೆ ಮನೆಯಲ್ಲೇ ಮುದುಕಿಯಾದ ನನಗೆ ತಿಳಿದದ್ದು ಅವನಿಗೆ ತಿಳಿಯಲಿಲ್ಲ.

ಕೊನೆಗೆ ಅವಳು, ಪೆಟ್ಟಿಗೆಗೇ ನೇರ ವೈರು ಹಾಕಿದ ಒಂದು ಸ್ಕ್ರೀನು ಅಲ್ಲೇ ಇರಬೇಕು, ವರ್ಷನ್ ಅದರ ಮೇಲೇ ಬರೆದಿರುತ್ತದೆ ಎಂದಳು. ಮ್ಯಾನೇಜರು ಬೂಟು ಬಿಚ್ಚಿ, ತಣ್ಣನೆಯ ಕೋಣೆಯ ಬಾಗಿಲಲ್ಲಿ ನಿಂತು ಇಣುಕಿದ. ಇಲ್ಲಿ ಸ್ಕ್ರೀನು ಇಲ್ಲ, ವೆಂಕಟರಮಣನ ಪಟ ಇದೆ ಎಂದ.

ಎರಡು ವರ್ಷದ ಹಿಂದೆ ಆಯುಧಪೂಜೆಯ ದಿನ ಆ ಪಟ ಒರಗಿಸಿದವಳು ನಾನೇ. ಅಲ್ಲೊಂದು ಸ್ಕ್ರೀನು ಇತ್ತು, ಯಾವಾಗ ನೋಡಿದರೂ ಅದೇ ನಾಲ್ಕು ಸಾಲು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ದಂಡಕ್ಕೆ ಇರುವ ಸ್ಕ್ರೀನಿನ ಮುಂದೆ ದೇವರನ್ನಾದರೂ ಕೂರಿಸೋಣ ಎಂದು ಕೂರಿಸಿದ್ದೆ. ಅಂದಿನಿಂದ ಎಲ್ಲರೂ ಬಾಗಿಲಿನಿಂದಲೇ ಕೈ ಮುಗಿದು ಹೋಗುತ್ತಿದ್ದರು.

ಪಟ ಸರಿಸಿ ಎಂದು ಹುಡುಗಿ ಫೋನಿನಲ್ಲಿ ಕೂಗಿದಳು. ಮ್ಯಾನೇಜರು ಹಿಂದಕ್ಕೆ ಸರಿದ.

"ನಾ ಮುಟ್ಟಂಗಿಲ್ಲವ್ವಾ. ಮುಂಜಾನೆ ತತ್ತಿ ತಿಂದೀನಿ."

ಅವನದು ಮೊಟ್ಟೆಯಾಯಿತು, ನಾನೇನು ತಿಂದಿದ್ದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾರ ತೆಗೆದು, ಪಟ ಎತ್ತಿ ಕಿಟಕಿಯಲ್ಲಿಟ್ಟೆ. ಹಿಂದೆ ಸ್ಕ್ರೀನು ಉರಿಯುತ್ತಲೇ ಇತ್ತು, ಮೇಲೆ ಬೂದಿ ಬಣ್ಣ, ಕೆಳಗೆ ಹಳದಿ. ಗಾಜಿನ ಮೇಲೆ ಊದುಬತ್ತಿಯ ಮಸಿ ಹಿಡಿದಿತ್ತು. ಸೆರಗಿಗೆ ಉಗುಳು ಹಚ್ಚಿ ಒರೆಸಿದೆ. ಇಂಗ್ಲಿಷ್ ಅಕ್ಷರ ಬಿಟ್ಟು ಅಂಕಿ ಹೇಳಿದೆ: ಏಳು, ಚುಕ್ಕಿ, ಸೊನ್ನೆ, ಚುಕ್ಕಿ, ಮೂರು. ಮುಂದೆ ಎಂಟು ಅಂಕಿಯ ಉದ್ದ ನಂಬರೊಂದಿತ್ತು, ಅದನ್ನೂ ಬೇಲಿನ ನಂಬರು ಕೂಗುವ ಹಾಗೆ ಕೂಗಿದೆ. ಹುಡುಗಿ ಎರಡು ಸಲ ಹೇಳಿಸಿದಳು.

"ಸಾಕವ್ವಾ, ಇದ ಬೇಕಾಗಿತ್ತು. ಓದಿದವ್ರು ಯಾರರ ಅದಾರೇನ್ರಿ ಅಲ್ಲಿ?"

"ಅದಾನ. ತತ್ತಿ ತಿಂದಾನ" ಎಂದೆ.

ಆಮೇಲೆ ಅವಳು ಹೇಳಿದಂತೆ ಮ್ಯಾನೇಜರು ಕೀಲಿಗಳನ್ನು ಒತ್ತಿದ. ಕಾಲು ತಾಸಿನಲ್ಲಿ ಮೊದಲ ಚೀಟಿ ಬಂತು. ನಮ್ಮ ಟ್ರ್ಯಾಕ್ಟರು ಶೆಡ್ಡಿನ ಒಳಗೆ ಹೋಗುವುದಕ್ಕೂ ತಗಡಿನ ಮೇಲೆ ಮಳೆ ಬೀಳುವುದಕ್ಕೂ ಸರಿಹೋಯಿತು. ಸಾಲಿನಲ್ಲಿ ಹಿಂದಿದ್ದವರು ಮಿಲ್ಲನ್ನೂ ಮಷೀನನ್ನೂ ಸೇರಿಸಿ ಬೈದರು. ಪಟ ಇಟ್ಟವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ನಾನು ಹೇಳಲು ಹೋಗಲಿಲ್ಲ.

ಸೊಸೆ ಹತ್ತಿಯಿಂದ ಇಳಿದು ಬಂದಳು. ಮ್ಯಾನೇಜರು ಅವಳಿಗೆ ಏನೋ ಹೇಳಿರಬೇಕು.

"ಲಗ್ನಾಗಿ ಹನ್ನೊಂದು ವರ್ಸಕ್ಕ ನಿಮ್ಮಿಂದ ಒಂದು ಉಪಕಾರ ಆತು ನೋಡ್ರಿ, ಅತ್ತೀ."

"ಇನ್ನೊಂದು ಬೇಕಂದ್ರ ಇನ್ನೂ ಹನ್ನೊಂದು ವರ್ಸ ತಡಿ" ಎಂದು ಹೇಳಿ, ಅವಳ ಟ್ರ್ಯಾಕ್ಟರಿನ ಗಾಲಿ ಶೆಡ್ಡಿನೊಳಗೆ ತಂದ ಮಣ್ಣು ಗುಡಿಸಲು ಪೊರಕೆ ತೆಗೆದುಕೊಂಡೆ.